ಮನೆಯೊಳಗಿನ ಫೋಟೋ ಮಸುಕು: 24-70 ಎಫ್2.8 ಲೆನ್ಸ್ ತಗೊಂಡರೆ ಸರಿಹೋಗುತ್ತಾ?

ಹೊಸಕಣ್ಣು:
ನನ್ನದು ಎಪಿಎಸ್-ಸಿ (ಚಿಕ್ಕ ಸೆನ್ಸರ್‌ನ) ಕ್ಯಾಮೆರಾ ಬಾಡಿ, ಜೊತೆಗೆ ಬಂದ 18-55 ಎಫ್3.5-5.6 ಕಿಟ್ ಲೆನ್ಸ್. ಬಿಸಿಲಲ್ಲಿ ಪರವಾಗಿಲ್ಲ. ಮನೆಯೊಳಗೆ ಆಡುವ ಮಕ್ಕಳ ಫೋಟೋ ತೆಗೆದರೆ ಮುಖ ಮಸುಕು, ಮೇಲೆ ನಾಯ್ಸ್ (ಕಾಳುಕಾಳಾದ ಚುಕ್ಕೆ) ಬೇರೆ. ಸೆಟ್ಟಿಂಗ್ 55 ಎಂಎಂ, ಎಫ್5.6, ಶಟರ್ 1/40 ಸೆಕೆಂಡ್, ಐಎಸ್ಒ (ಬೆಳಕಿಗೆ ಸಂವೇದನೆ) 3200. ಕೈ ಪಳಗಿದರೆ ಕಿಟ್ ಲೆನ್ಸೇ ಸಾಕು ಅಂತ ಕೆಲವರು, ದುಬಾರಿ ಲೆನ್ಸ್ ಇಲ್ಲದೆ ಆಗಲ್ಲ ಅಂತ ಕೆಲವರು. ಯಾವುದನ್ನು ನಂಬಲಿ?

ಬೆಳಕಿಂಡಿ:
ಮೊದಲು ಮಸುಕು ಯಾವ ಬಗೆಯದು ನೋಡಿ. ಫೋಟೋವನ್ನು 100% ಜೂಮ್ ಮಾಡಿ. ಗೋಡೆ, ಕುರ್ಚಿ, ಮುಖ ಎಲ್ಲವೂ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಕೈ ನಡುಗಿದೆ. ಕುರ್ಚಿ ಚೂಪಾಗಿದ್ದು ಮಗುವಿನ ಕೈ, ಮುಖ ಮಾತ್ರ ಎಳೆದಿದ್ದರೆ ಮಗು ಅಲುಗಾಡಿದೆ. ಮುಖದ ಹಿಂದಿನ ಪರದೆ ಚೂಪಾಗಿದ್ದರೆ ಫೋಕಸ್ ತಪ್ಪಿದೆ. ಲೆನ್ಸ್ ಮೇಲೆ ಅನುಮಾನವಿದ್ದರೆ ಟ್ರೈಪಾಡ್ ಮೇಲಿಟ್ಟು, ಎಫ್8, ಐಎಸ್ಒ 100, 2 ಸೆಕೆಂಡ್ ಟೈಮರ್ ಹಾಕಿ ಪತ್ರಿಕೆಯ ಪುಟವೊಂದನ್ನು ತೆಗೆಯಿರಿ. ಅಕ್ಷರಗಳು ಚೂಪಾಗಿ ಬಂದರೆ ಲೆನ್ಸ್‌ನಲ್ಲಿ ದೋಷವಿಲ್ಲ.

ನಿಮ್ಮ 1/40 ನೋಡಿದರೆ ಎರಡನೆಯ ಬಗೆಯೇ ಇರಬೇಕು. ಆಡುವ ಮಕ್ಕಳಿಗೆ ಕನಿಷ್ಠ 1/250 ಬೇಕು, ಓಡುತ್ತಿದ್ದರೆ 1/500. ಆಟವನ್ನು ಕಿಟಕಿಯ ಹತ್ತಿರಕ್ಕೆ ತನ್ನಿ. ಕೋಣೆಯ ಮೂಲೆಗೂ ಕಿಟಕಿಯಿಂದ ಒಂದು ಮೀಟರ್ ದೂರಕ್ಕೂ ಎರಡು-ಮೂರು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಎರಡು ಪಟ್ಟು) ವ್ಯತ್ಯಾಸ ಸುಲಭವಾಗಿ ಸಿಗುತ್ತದೆ. ಆಗ ದೀಪ ಆರಿಸಿಬಿಡಿ, ಇಲ್ಲದಿದ್ದರೆ ಮುಖದ ಒಂದು ಬದಿ ಹಳದಿ, ಇನ್ನೊಂದು ನೀಲಿ ಆಗುತ್ತದೆ. ಆಟೋ ಐಎಸ್ಒ ಮೆನುವಿನಲ್ಲಿ ಕನಿಷ್ಠ ಶಟರ್ ಸ್ಪೀಡ್ 1/250 ಅಂತ ಕಟ್ಟಿಹಾಕಿ. ನಾಯ್ಸ್ ಇರುವ ಚೂಪಾದ ಮುಖವನ್ನು ಆಮೇಲೆ ಸರಿಪಡಿಸಬಹುದು, ಎಳೆದುಹೋದ ಮುಖವನ್ನು ಆಗುವುದಿಲ್ಲ.

ಮುಕ್ಕಾಲಿ:
ಬೆಳಕಿಂಡಿಯವರು ಹೇಳಿದ್ದು ಹಗಲಿಗೆ ಸರಿ. ರಾತ್ರಿ ಕಿಟಕಿಯಿಂದ ಏನೂ ಸಿಗಲ್ಲ, ಅಲ್ಲಿ ಲೆನ್ಸ್ ನಿಜವಾಗಿಯೂ ಮುಖ್ಯ. ಆದರೆ ನೀವು ಆರಿಸಿದ ಲೆನ್ಸ್ ಅಲ್ಲ. ಲೆಕ್ಕ ನೋಡಿ: ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು, ಎಫ್5.6ರಿಂದ ಎಫ್2.8ಕ್ಕೆ ಎರಡು ಸ್ಟಾಪ್. ಅದೇ ಐಎಸ್ಒದಲ್ಲಿ 1/40 ಹೋಗಿ 1/160 ಆಗುತ್ತದೆ, 1/250 ಮುಟ್ಟುವುದಿಲ್ಲ. ಎಫ್1.8 ಆದರೆ ಸುಮಾರು ಹತ್ತು ಪಟ್ಟು ಬೆಳಕು, ಅಂದರೆ 1/400. ಅದಕ್ಕೆ 35 ಎಂಎಂ ಎಫ್1.8 ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಸಾಕು, ಹಗುರ, 24-70ಕ್ಕಿಂತ ಎಷ್ಟೋ ಅಗ್ಗ. 50 ಎಂಎಂ ಎಪಿಎಸ್-ಸಿಯಲ್ಲಿ ಫುಲ್-ಫ್ರೇಮ್ (ದೊಡ್ಡ ಸೆನ್ಸರ್) ಕ್ಯಾಮೆರಾದ 75ರಂತೆ ಕಾಣುತ್ತದೆ, ಚಿಕ್ಕ ಕೋಣೆಯಲ್ಲಿ ಹಿಂದೆ ಸರಿಯಲು ಜಾಗ ಸಾಲುವುದಿಲ್ಲ.

ಎಚ್ಚರ ಬೇಕಾದದ್ದು ಫೋಕಸ್‌ನಲ್ಲಿ. ಒಂದೂವರೆ ಮೀಟರ್ ದೂರದಲ್ಲಿ 35 ಎಫ್1.8ರ ಚೂಪಾದ ಪಟ್ಟಿ (ಹಿಂದೆಮುಂದೆ ಚೂಪಾಗಿ ಕಾಣುವ ಜಾಗ) ಸುಮಾರು 13 ಸೆಂಟಿಮೀಟರ್, 50ರದ್ದು 6 ಮಾತ್ರ. ಮಧ್ಯದ ಪಾಯಿಂಟ್‌ನಲ್ಲಿ ಫೋಕಸ್ ಹಿಡಿದು ಆಮೇಲೆ ಫ್ರೇಮ್ ಸರಿಸಿದರೆ ಕಣ್ಣು ಪಟ್ಟಿಯಿಂದ ಹೊರಗೆ ಹೋಗಿ ಕಿವಿ ಚೂಪಾಗುತ್ತದೆ. ಕಂಟಿನ್ಯೂಯಸ್ ಫೋಕಸ್ (ಚಲಿಸುವುದನ್ನು ಹಿಂಬಾಲಿಸುವ ಫೋಕಸ್) ಹಾಕಿ, ಪಾಯಿಂಟನ್ನೇ ಕಣ್ಣಿನ ಮೇಲೆ ಇಡಿ.

ಹೊಸಕಣ್ಣು:
ನೋಡಿದೆ, ಕುರ್ಚಿ ಚೂಪು, ಮುಖ ಎಳೆದಿದೆ. ಹಾಗಾದರೆ ಸ್ಟೆಬಿಲೈಸೇಷನ್ ಇರುವ ಲೆನ್ಸ್ ತಗೊಂಡರೆ?

ಬೆಳಕಿಂಡಿ:
ಬೇಡ. ಅದು ನಿಮ್ಮ ಕೈಯ ನಡುಕವನ್ನು ತಡೆಯುತ್ತದೆ, ಮಗುವಿನ ಓಟವನ್ನಲ್ಲ. ಮೊದಲು ಕಿಟ್ ಲೆನ್ಸನ್ನು 18ರ ತುದಿಗೆ ತಿರುಗಿಸಿ, ಅಲ್ಲಿ ಎಫ್3.5 ಸಿಗುತ್ತದೆ, ಒಂದಕ್ಕಿಂತ ಹೆಚ್ಚು ಸ್ಟಾಪ್ ಪುಕ್ಕಟೆ. ಮಗುವಿನ ಹತ್ತಿರ ಹೋಗಿ ತೆಗೆಯಿರಿ, ಮುಖವನ್ನು ಮಾತ್ರ ಅಂಚಿಗೆ ಬಿಡಬೇಡಿ, ಹಿಗ್ಗಿದಂತೆ ಕಾಣುತ್ತದೆ.