ಸಹಾಯ ಬೇಕು: ವೇವ್‌ಸ್ಕೀ ಬಗ್ಗೆ ಗೊತ್ತಿರುವವರು ಯಾರಾದರೂ ಇದ್ದೀರಾ?

ನಮಸ್ಕಾರ ಎಲ್ಲರಿಗೂ. ಸಸಿಹಿತ್ಲು ಕಡೆ ಸರ್ಫಿಂಗ್ ಮಾಡುತ್ತೇನೆ, ಮೊಣಕಾಲು ನೋವು ಜಾಸ್ತಿ ಆಗಿದೆ. ಅದಕ್ಕೇ ವೇವ್‌ಸ್ಕೀ ಹಿಡಿಯೋಣ ಅಂತ. ಬೋರ್ಡ್ ಮೇಲೆ ಕೂತು, ಕಾಲನ್ನು ಪಟ್ಟಿಗೆ ಸಿಕ್ಕಿಸಿ, ಸೊಂಟಕ್ಕೆ ಬೆಲ್ಟ್ ಬಿಗಿದು, ಎರಡೂ ತುದಿಗೆ ಅಲಗಿರುವ ಹುಟ್ಟಿನಿಂದ ಅಲೆ ಹಿಡಿಯುವ ಆಟ ಇದು. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದಲ್ಲಿ ಆಡುತ್ತಾರೆ. ಅಲ್ಲಿರುವ ಕನ್ನಡಿಗರೇ, ಹಳೆಯ ಬೋರ್ಡ್ ಸಿಗುತ್ತಾ? ನನ್ನ ತೂಕ 78 ಕೆಜಿ. ತೂಕಕ್ಕೆ, ಸೊಂಟದ ಅಗಲಕ್ಕೆ ಹೊಂದದಿದ್ದರೆ ತಂದೂ ಸುಮ್ನೆ.

ಇಲ್ಲೇ ಮಾಡಿಸಬಹುದಾ ಅಂತಲೂ ಯೋಚನೆ ಇದೆ, ಮಲ್ಪೆಯಲ್ಲಿ ಫೈಬರ್ ದೋಣಿ ಮಾಡುವವರು ಇದ್ದಾರಲ್ವಾ, ಆದರೆ ಒಳಗೆ ಥರ್ಮೋಕೋಲ್ ಇಟ್ಟು ದೋಣಿಗೆ ಹಾಕುವ ಪಾಲಿಯೆಸ್ಟರ್ ರೆಸಿನ್ ಬಳಿದರೆ ಥರ್ಮೋಕೋಲೇ ಕರಗಿಹೋಗುತ್ತದೆ, ಎಪಾಕ್ಸಿ ಅನ್ನೋ ಬೇರೆ ರೆಸಿನ್ನೇ ಬೇಕು. ಎಪಾಕ್ಸಿ ಕೆಲಸ ಬಲ್ಲವರು ಗೊತ್ತಾ? ಬೆಲ್ಟ್ ಮಾತ್ರ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು, ಮಗುಚಿದಾಗ ತಲೆಕೆಳಗಾಗಿ ಬಕಲ್ ಹುಡುಕುತ್ತಾ ಕೂರಲು ಆಗಲ್ಲ.

ಇನ್ನೊಂದು ವಿಷಯ. ಸ್ಪರ್ಧೆ ಮಾಡಿಸಬೇಕಾದರೆ ಯಾರನ್ನು ಕೇಳಬೇಕು, ಸರ್ಫಿಂಗ್ ಫೆಡರೇಶನ್ ಆಫ್ ಇಂಡಿಯಾನಾ ಅಥವಾ ಕಯಾಕ್ ಸಂಘದವರನ್ನಾ? ಹುಟ್ಟು ಇದೆ ಅಂತ ಸರ್ಫಿಂಗ್‌ನವರು ಅತ್ತ, ಅಲೆ ಇದೆ ಅಂತ ಕಯಾಕ್‌ನವರು ಇತ್ತ ಕಳಿಸಬಾರದು ನೋಡಿ. ಗೊತ್ತಿದ್ದವರು ಕಾಮೆಂಟ್ ಹಾಕಿ, ಮಳೆಗಾಲ ಮುಗಿಯುವಷ್ಟರಲ್ಲಿ ಬೋರ್ಡ್ ಕೈಗೆ ಬರಬೇಕು.