ಪದಚರ್ಚೆ: ‘ಇನ್‌ಸ್ಟ್ರಕ್ಷನಲ್ ಡಿಸೈನ್’ಗೆ ಕನ್ನಡದಲ್ಲಿ ಏನು? ಫಲಕಕ್ಕೆ ಇವತ್ತೇ ಬೇಕು

ಹಂಪನಕಟ್ಟೆಯಿಂದ:
ಆರೋಗ್ಯ ಕಾರ್ಯಕರ್ತೆಯರ ತರಬೇತಿಗೆ ಎರಡು ಕೋಣೆ, ಎರಡು ಫಲಕ. ಇನ್ಫರ್ಮೇಶನ್ ಡಿಸೈನಿಗೆ ‘ಮಾಹಿತಿ ವಿನ್ಯಾಸ’ ಬರೆದಾಯಿತು. ಇನ್‌ಸ್ಟ್ರಕ್ಷನಲ್ ಡಿಸೈನಿಗೆ ಮೊಬೈಲು ‘ಸೂಚನಾ ವಿನ್ಯಾಸ’ ಅನ್ನುತ್ತದೆ. ಸರಿಯೇ? ಸಂಜೆ ಐದಕ್ಕೆ ಫ್ಲೆಕ್ಸಿನವರಿಗೆ ಕೊಡಬೇಕು.

ಉಡುಪಿಯಿಂದ:
‘ಸೂಚನಾ’ ಬೇಡ, ಅದು ನೋಟೀಸು ಬೋರ್ಡಿನ ಮಾತು. ‘ಬೋಧನಾ ವಿನ್ಯಾಸ’ ಹಾಕಿ. ‘ಕಲಿಕಾ’ ಮಾತ್ರ ಬೇಡವೇ ಬೇಡ. ‘ಕಲಿ’ ಕನ್ನಡ ಧಾತು; ‘ಕಲಿಕೆ’ಯನ್ನು ‘ಭಾಷಾ’, ‘ಶಾಲಾ’ದ ಹಾಗೆ ಎಳೆದು ಸಂಸ್ಕೃತಕ್ಕೆ ಕಟ್ಟಿದರೆ ಅರಿಸಮಾಸ. ಸಂಸ್ಕೃತದಲ್ಲಿ ‘ಕಲಿಕಾ’ ಅಂದರೆ ಮೊಗ್ಗು. ಎಷ್ಟು ಜನ ಬರೆದರೂ ತಪ್ಪು ತಪ್ಪೇ.

ಮಣಿಪಾಲದಿಂದ:
ವ್ಯಾಕರಣ ಸರಿ, ಪದ ಸರಿಯಲ್ಲ ಮಾಷ್ಟ್ರೇ. ಬೋಧನೆ ಕಲಿಸುವವರದ್ದು, ಈ ವಿದ್ಯೆ ಗೆದ್ದಿತೋ ಸೋತಿತೋ ತಿಳಿಯುವುದು ಕಲಿತವರ ಕೈಯಲ್ಲಿ. ವಾಂತಿಭೇದಿಗೆ ಮನೆಯಲ್ಲೇ ಮಾಡುವ ಉಪ್ಪು-ಸಕ್ಕರೆ ನೀರನ್ನೇ ತೆಗೆದುಕೊಳ್ಳಿ. 1 ಲೀಟರ್ ಶುದ್ಧ ನೀರು, 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಚಮಚ 5 ಮಿಲಿಯದ್ದು, ಅಂಚಿಗೆ ಸಮ ಮಾಡಿದ್ದು. ಗೋಡೆಯ ಪಟದಲ್ಲಿ ನೀರು ಮೊದಲು, ಅಂಕಿ ಚಿತ್ರಕ್ಕೆ ತಾಗಿಕೊಂಡು, ಬೆರೆಸುವ ಕ್ರಮದಲ್ಲೇ ಸಾಲುಗಳು: ಇದು ಮಾಹಿತಿ ವಿನ್ಯಾಸ. ಕಣ್ಣಿಗೆ ಬೇಕಾದ್ದು ಸಿಕ್ಕಿದರೆ ಅದರ ಕೆಲಸ ಮುಗಿಯಿತು. ಪಟ ತೆಗೆದ ಮೇಲೂ ತಾಯಿ ಸರಿಯಾಗಿ ಬೆರೆಸಬೇಕಲ್ಲ, ಅದು ಎರಡನೆಯದು. ಮಾಡಿ ತೋರಿಸಬೇಕು, ಅವಳ ಕೈಯಿಂದ ಮಾಡಿಸಬೇಕು, ತಪ್ಪಿದಲ್ಲೇ ತಿದ್ದಬೇಕು, ಮರುದಿನ ಪಟವಿಲ್ಲದೆ ಮತ್ತೆ ಮಾಡಿಸಬೇಕು. ತಪ್ಪುವುದು ಚಮಚದಲ್ಲೇ, ರಾಶಿ ತುಂಬಿದ ಉಪ್ಪು ಮಗುವಿಗೆ ಅಪಾಯ. ‘ಚಿಟಿಕೆ’, ‘ಸ್ವಲ್ಪ’ ಅಂತ ಬರೆದರೂ ಅಷ್ಟೇ. ಹಾಗಾಗಿ ‘ಕಲಿಕೆಯ ವಿನ್ಯಾಸ’. ಷಷ್ಠಿ ಹಚ್ಚಿದರೆ ಮೊಗ್ಗಿನ ತಕರಾರೂ ಇಲ್ಲ.

ಉಡುಪಿಯಿಂದ:
‘ಕಲಿಕೆಯ’ ಒಪ್ಪಿದೆ. ಆದರೆ ‘ಮಾಹಿತಿ’ ಮರಾಠಿಯಿಂದ ಬಂದದ್ದು. ನಮ್ಮದೇ ‘ತಿಳಿವು’ ಉಂಟಲ್ಲ, ಎರವಲು ಯಾಕೆ?

ಮಣಿಪಾಲದಿಂದ:
ಪಟದ ಮೇಲಿರುವುದು ಮಾಹಿತಿ, ಓದಿದವರಲ್ಲಿ ಮೂಡುವುದು ತಿಳಿವು. ಎರಡನ್ನೂ ಒಂದೇ ಪದಕ್ಕೆ ತುರುಕಿದರೆ ಎರಡು ಕೋಣೆ ಯಾಕೆ? ಚಾವಿ, ಅನಾನಸು ಪೋರ್ಚುಗೀಸರಿಂದ ಬಂದವು ಅಂತ ನಾವು ಬಿಟ್ಟಿದ್ದೇವೆಯೇ?

ಉಡುಪಿಯಿಂದ:
ಹಣ್ಣಿನ ಹೆಸರು ಬೇರೆ, ಪರಿಭಾಷೆ ಬೇರೆ. ಒಪ್ಪುವುದಿಲ್ಲ.

ಸುರತ್ಕಲ್‌ನಿಂದ:
ಅಕ್ಕ, ಪದ ಯಾವುದಾದರೂ ಅಳತೆ ನೋಡಿಕೊಳ್ಳಿ. ಓದುವವರು 10 ಅಡಿ ದೂರವಿದ್ದರೆ ಅಕ್ಷರದ ಎತ್ತರ 1 ಇಂಚು, 30 ಅಡಿಗೆ 3 ಇಂಚು. ಒತ್ತು ಬಿಟ್ಟು ಮೂಲಾಕ್ಷರವನ್ನಷ್ಟೇ ಅಳೆಯಿರಿ. ‘ವಿನ್ಯಾಸ’ದ ಯ-ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿಯುತ್ತದೆ, ಕೋಣೆಯ ಸಂಖ್ಯೆಯನ್ನು ಅದರ ಅಡಿಯಲ್ಲಿ ಹಾಕದೆ ಎಡಕ್ಕೆ ಹಾಕಿಸಿ.