ಸಹಾಯ ಬೇಕು: ಪುಣೆಯಲ್ಲಿ ಇಪ್ರಾಮ್ ಚಿಪ್ ಓದುವ ಯಂತ್ರ ಯಾರ ಬಳಿಯಾದರೂ ಇದೆಯೇ?

ಎಲ್ಲರಿಗೂ ನಮಸ್ಕಾರ. ಕಳೆದ ಭಾನುವಾರ ಇಲ್ಲಿನ ಹಳೆಯ ಸಾಮಾನಿನ ಸಂತೆ ಜೂನಾ ಬಜಾರಿನಲ್ಲಿ, ತುಕ್ಕು ಹಿಡಿದ ಬೀಗಗಳ ರಾಶಿಯ ಪಕ್ಕ, ಅಟಾರಿ 2600 ಎಂಬ ಹಳೆಯ ವಿಡಿಯೋ ಗೇಮ್ ಯಂತ್ರದ ಒಂದು ಕಾರ್ಟ್ರಿಜ್ (ಆಟ ತುಂಬಿದ ಡಬ್ಬಿ) ಸಿಕ್ಕಿತು. ಮೇಲೆ ಹೆಸರಿಲ್ಲ. ಬಿಚ್ಚಿದರೆ ಒಳಗಿರುವುದು 2732 ಇಪ್ರಾಮ್, ಅಂದರೆ ಅಳಿಸಿ ಮತ್ತೆ ಬರೆಯಬಹುದಾದ ನೆನಪಿನ ಚಿಪ್: ನಡುವೆ ಉಗುರಿನಷ್ಟು ಗಾಜಿನ ಕಿಟಕಿ, ಅದರ ಮೇಲೆ ಅರ್ಧ ಎದ್ದ ಕಾಗದದ ಚೀಟಿ. ಆ ಕಿಟಕಿಯ ಮೂಲಕ ನೇರಳಾತೀತ ಕಿರಣ ಬೀಳುತ್ತಲೇ ಇದ್ದರೆ ಬರೆದದ್ದೆಲ್ಲ ಅಳಿಸಿಹೋಗುತ್ತದೆ. ಅದು ಬಿಸಿಲಿನಲ್ಲೇ ಬಿದ್ದಿತ್ತು, ನೆನೆದರೆ ಎದೆ ಧಸಕ್ಕೆನ್ನುತ್ತದೆ. ಮನೆಗೆ ಬಂದ ಕೂಡಲೇ ಕಪ್ಪು ಟೇಪು ಅಂಟಿಸಿದೆ.

ಬಿಡುಗಡೆಯಾಗದ ಎಷ್ಟೋ ಮಾದರಿ ಆಟಗಳು ಉಳಿದಿರುವುದು ಇಂಥ ಚಿಪ್‌ಗಳಲ್ಲೇ. ನನಗೆ ಅತ್ಯಂತ ಪ್ರಿಯವಾದ ‘ಎಲಿವೇಟರ್ ಆ್ಯಕ್ಷನ್’ ಆಟದ ಅಟಾರಿ 2600 ಆವೃತ್ತಿ ಬಹುಪಾಲು ಸಿದ್ಧವಾಗಿದ್ದರೂ ಅಂಗಡಿ ತಲುಪಲಿಲ್ಲ. ಯಾರೋ ಅದರ ಚಿಪ್ ಓದಿ ಉಳಿಸಿದ್ದರಿಂದ ಇಂದು ಆಡುತ್ತಿದ್ದೇವೆ. ನನ್ನದು ಬರಿಯ ನಕಲು ಪ್ರತಿಯೂ ಇರಬಹುದು. ಆದರೂ ಓದಿಸದೆ ಬಿಡಲಾರೆ.

‘ಬುಧವಾರ ಪೇಠೆ’ ಬಡಾವಣೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ವಿಚಾರಿಸಿದೆ, ಸಿಗಲಿಲ್ಲ. ಇಪ್ರಾಮ್ ಪ್ರೋಗ್ರಾಮರ್ (ಈ ಚಿಪ್ ಓದುವ, ಬರೆಯುವ ಯಂತ್ರ) ಇರುವವರು ದಯವಿಟ್ಟು ತಿಳಿಸಿ. ಇಂಥದನ್ನು ಅಂಚೆಗೆ ಹಾಕಲು ಮನಸ್ಸಿಲ್ಲ. ಪಿಂಪ್ರಿಯಾಗಲಿ ಮುಂಬಯಿಯಾಗಲಿ, ನಾನೇ ತರುತ್ತೇನೆ. ಅಲ್ಲಿಯವರೆಗೆ ಆ ಚೀಟಿಯನ್ನು ಕೀಳದೆ ಹಾಗೆಯೇ ಕಾಪಾಡುವುದು ಹೇಗೆಂದು ಬಲ್ಲವರೂ ಹೇಳಿ.